ಹುಬ್ಬಳ್ಳಿ–ಬ್ಯಾಡಗಿ: ದಾಖಲೆ ಎರಡಾಗದಂತೆ ಎರಡು ಸರ್ವರ್ ಜೋಡಿಸುವುದು

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲೊಂದು, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲೊಂದು ದಲಾಲಿ ಅಂಗಡಿ. ಎರಡೂ ಕಡೆ ಲೆಕ್ಕದ ಡೇಟಾ ಇಡುವ ಮೈಎಸ್‌ಕ್ಯೂಎಲ್ 8 ತಂತ್ರಾಂಶ ಇದೆ ಎಂದುಕೊಳ್ಳಿ. ನೆಟ್ ಹೋದರೂ ಬಿಲ್ ನಿಲ್ಲಬಾರದು, ಬಂದ ಮೇಲೆ ಲೆಕ್ಕ ಒಂದಾಗಬೇಕು.

ಮೊದಲು ಎರಡೂ ಕಡೆ ಬಿನ್‌ಲಾಗ್ (ಡೇಟಾದಲ್ಲಾದ ಬದಲಾವಣೆಗಳ ದಾಖಲೆ) ರೋ ಫಾರ್ಮ್ಯಾಟ್‌ನಲ್ಲಿ, ಅಂದರೆ ಬದಲಾದ ಸಾಲುಗಳನ್ನೇ ಬರೆಯುವಂತೆ ಇರಲಿ, ಜಿಟಿಐಡಿ (ಪ್ರತಿ ಟ್ರಾನ್ಸಾಕ್ಷನ್‌ಗೆ ಸಿಗುವ ಪ್ರತ್ಯೇಕ ಗುರುತು) ಆನ್ ಆಗಿರಲಿ. ಸರ್ವರ್ ಐಡಿ ಹುಬ್ಬಳ್ಳಿಗೆ 1, ಬ್ಯಾಡಗಿಗೆ 2. ತಾನಾಗಿ ಬೀಳುವ ಐಡಿಗಳ ನಡುವಿನ ಅಂತರ (‘ಆಟೊ ಇನ್‌ಕ್ರಿಮೆಂಟ್ ಇನ್‌ಕ್ರಿಮೆಂಟ್’ ಎಂಬ ಸೆಟ್ಟಿಂಗ್) ಎರಡೂ ಕಡೆ 10, ಶುರುವಾಗುವ ನಂಬರ್ (ಆಫ್‌ಸೆಟ್) ಕ್ರಮವಾಗಿ 1 ಮತ್ತು 2. ಆಗ ಹುಬ್ಬಳ್ಳಿಯಲ್ಲಿ 1, 11, 21. ಬ್ಯಾಡಗಿಯಲ್ಲಿ 2, 12, 22 ಹೀಗೆ ನಂಬರ್ ಬೀಳುತ್ತವೆ. ಎರಡೇ ಸರ್ವರ್‌ಗಾದರೆ ಅಂತರ 2 ಸಾಕು. ಆದರೆ ನಾಳೆ ರಾಣೆಬೆನ್ನೂರಿನಲ್ಲಿ ಶಾಖೆ ತೆರೆದರೆ 10 ಇದ್ದರೆ ಮತ್ತೆ ಬದಲಿಸಬೇಕಿಲ್ಲ. ಎಕ್ಸೆಲ್‌ನಿಂದ ಐಡಿ ಸಮೇತ ಸಾಲು ತುಂಬಿದರೆ ಈ ಏರ್ಪಾಟು ಕೆಲಸಕ್ಕೆ ಬಾರದು. ಐಡಿ ಕಾಲಂ ತೆಗೆದೇ ತುಂಬಿ.

ಬ್ಯಾಡಗಿಯ ಹಳೆಯ ದಾಖಲೆಗಳನ್ನು ಹುಬ್ಬಳ್ಳಿಗೆ ಸೇರಿಸಿ, ಜಿಟಿಐಡಿ ಆನ್ ಆದ ಮೇಲೆ ಅಲ್ಲಿಂದ ಸಿಂಗಲ್ ಟ್ರಾನ್ಸಾಕ್ಷನ್ ಡಂಪ್ (ಒಂದೇ ಕ್ಷಣದ ಸ್ಥಿತಿಯ ಪೂರ್ತಿ ಪ್ರತಿ) ತೆಗೆದು ಬ್ಯಾಡಗಿಯ ಖಾಲಿ ಸರ್ವರ್‌ಗೆ ಲೋಡ್ ಮಾಡಿ. ನಂತರ ಎರಡೂ ಕಡೆ ಆಟೊ ಪೊಸಿಷನ್ 1 ಕೊಟ್ಟು (ಎಲ್ಲಿಂದ ಮುಂದುವರಿಯಬೇಕೆಂದು ಜಿಟಿಐಡಿ ನೋಡಿ ತಾನೇ ಗುರುತಿಸಲು) ರೆಪ್ಲಿಕಾ, ಅಂದರೆ ಆಚೆಯ ಸರ್ವರ್‌ನ ಬದಲಾವಣೆಗಳನ್ನು ಈಚೆ ನಕಲು ಮಾಡುವ ಕೆಲಸ, ಶುರುಮಾಡಿ. ಸಂಪರ್ಕ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ಹಾದಿ) ಮೂಲಕವೇ ಇರಲಿ, ಮೈಎಸ್‌ಕ್ಯೂಎಲ್ ಬಳಸುವ 3306 ಪೋರ್ಟ್ ಹೊರಗೆ ತೆರೆಯಬೇಡಿ.

ಇಷ್ಟಕ್ಕೆ ನಂಬರ್ ಡಿಕ್ಕಿ ತಪ್ಪುತ್ತದೆ, ಆದರೆ ಒಬ್ಬನೇ ರೈತ 31 ಮತ್ತು 42 ಎಂದು ಎರಡು ಖಾತೆಯಾಗುವುದು ತಪ್ಪುವುದಿಲ್ಲ. ಒಂದೇ ವಿವರ ಎರಡು ಸಲ ಬರದಂತೆ ತಡೆಯುವ ಯುನಿಕ್ ಕೀ ಬೇಕೇ ಬೇಕು. ಅಣ್ಣತಮ್ಮಂದಿರು ಒಂದೇ ಮೊಬೈಲ್ ಕೊಡುವುದುಂಟು, ಹಾಗಾಗಿ ಬ್ಯಾಂಕ್ ಖಾತೆ ಮತ್ತು ಐಎಫ್‌ಎಸ್‌ಸಿ ಸೇರಿಸಿ ಕೀ ಮಾಡಿ. ಲಾಟ್‌ಗೆ (ಮಾರಾಟಕ್ಕೆ ಬಂದ ಒಂದೊಂದು ರಾಶಿಗೆ) ಅಂಗಡಿ ಕೋಡ್, ತಾರೀಖು, ಲಾಟ್ ನಂಬರ್ ಸೇರಿಸಿ ಕೀ ಮಾಡಿ. ‘ಸೇವ್’ ಎರಡು ಸಲ ಒತ್ತಿದರೂ ಒಂದೇ ಸಾಲು ಉಳಿಯಲು, ಫಾರ್ಮ್ ತೆರೆದಾಗಲೇ ಯುಯುಐಡಿ (ಮತ್ತೆಲ್ಲೂ ಬಾರದ ಉದ್ದನೆಯ ಗುರುತು) ಹುಟ್ಟಿಸಿ ಅದಕ್ಕೂ ಯುನಿಕ್ ಕೀ ಕೊಡಿ.

ಆದರೂ ನೆಟ್ ಇಲ್ಲದಾಗ ಎರಡೂ ಕಡೆ ಅದೇ ರೈತನನ್ನು ಬರೆದರೆ, ಲೈನ್ ಬಂದೊಡನೆ 1062 ದೋಷ (ಅದೇ ಕೀ ಆಗಲೇ ಇದೆ ಎಂಬ ಎಚ್ಚರಿಕೆ) ಬಂದು ಎರಡೂ ರೆಪ್ಲಿಕಾ ನಿಲ್ಲುತ್ತವೆ. ಯುನಿಕ್ ಕೀ ಒಂದೊಂದು ಸರ್ವರ್‌ನೊಳಗಷ್ಟೇ ಕಾಯುತ್ತದೆ. ಆದ್ದರಿಂದ ರೈತರ ಟೇಬಲ್‌ಗೆ ಹುಬ್ಬಳ್ಳಿ ಮಾತ್ರ ಬರೆಯಲಿ. ಬ್ಯಾಡಗಿಗೆ ಬಂದ ಹೊಸಬರು ತಾತ್ಕಾಲಿಕ ಟೇಬಲ್‌ಗೆ ಹೋಗಲಿ, ಹುಬ್ಬಳ್ಳಿಯಲ್ಲಿ ತಾಳೆ ನೋಡಿ ಮೂಲಕ್ಕೆ ಸೇರಿಸಲಿ. ನಮ್ಮ ಪ್ರಕಾರ ಇದಕ್ಕಿಂತ ಗಟ್ಟಿ ಉಪಾಯ ಇಲ್ಲ.

1062 ಬಂದೇಬಿಟ್ಟರೆ ಅದನ್ನು ಸ್ಕಿಪ್ ಎರರ್ಸ್ (ಕಡೆಗಣಿಸಬೇಕಾದ ದೋಷಗಳ) ಪಟ್ಟಿಗೆ ಸೇರಿಸಬೇಡಿ. ಸಿಂಕ್ ನಡೆದಂತೆ ಕಾಣುತ್ತದೆ, ಒಳಗೆ ಲೆಕ್ಕ ಬೇರೆಯಾಗುತ್ತಾ ಹೋಗುತ್ತದೆ. ಹುಬ್ಬಳ್ಳಿಯ ಸಾಲು ಉಳಿಸುವುದಾದರೆ, ಬ್ಯಾಡಗಿಯಲ್ಲಿ ಎಸ್‌ಕ್ಯೂಎಲ್ ಲಾಗ್ ಬಿನ್ 0 ಮಾಡಿ (ಈ ಅಳಿಸುವಿಕೆ ಬಿನ್‌ಲಾಗ್‌ಗೆ ಹೋಗದಂತೆ) ಅಲ್ಲಿನ ಸಾಲು ಅಳಿಸಿ, ರೆಪ್ಲಿಕಾ ಶುರುಮಾಡಿ. ಹುಬ್ಬಳ್ಳಿಯಲ್ಲಿ ತಡೆದ ಆ ಒಂದು ಜಿಟಿಐಡಿಗೆ ಖಾಲಿ ಟ್ರಾನ್ಸಾಕ್ಷನ್ ಕೊಟ್ಟು ದಾಟಿಸಿ. ಅಳಿಸುವ ಮುನ್ನ ಆ ಐಡಿಗೆ ಅಂಟಿದ ಬಿಲ್‌ಗಳನ್ನು ಬರೆದಿಟ್ಟುಕೊಂಡು, ಆಮೇಲೆ ಉಳಿದ ಐಡಿಗೆ ತಿರುಗಿಸಿ.

ರೆಪ್ಲಿಕಾ ಸ್ಟೇಟಸ್‌ನಲ್ಲಿ ಐಒ (ಬದಲಾವಣೆ ತರಿಸುವ ಭಾಗ), ಎಸ್‌ಕ್ಯೂಎಲ್ (ಅದನ್ನು ಬರೆಯುವ ಭಾಗ) ಎರಡೂ ‘ಯೆಸ್’ ಇರಬೇಕು; ಹಿಂದುಳಿದ ಸೆಕೆಂಡ್ 0 ಇದ್ದ ಮಾತ್ರಕ್ಕೆ ಡೇಟಾ ಒಂದೇ ಎಂದಲ್ಲ. ಬಿಲ್ಲಿಂಗ್ ನಿಂತ ಮೇಲೆ ಎರಡೂ ಕಡೆ ಚೆಕ್‌ಸಮ್ ಟೇಬಲ್ (ಟೇಬಲ್‌ನ ಡೇಟಾದಿಂದ ಒಂದು ತಾಳೆ ಸಂಖ್ಯೆ ಕೊಡುವ ಆದೇಶ) ಓಡಿಸಿ ಹೋಲಿಸಿ. ಬಿನ್‌ಲಾಗ್ ಡೀಫಾಲ್ಟ್ ಆಗಿ 30 ದಿನ ಉಳಿಯುತ್ತದೆ. ಅದಕ್ಕಿಂತ ಹೆಚ್ಚು ಕಾಲ ಒಂದು ಸರ್ವರ್ ಬಂದ್ ಇದ್ದರೆ, ಅದರಲ್ಲಷ್ಟೇ ಇರುವ ಸಾಲುಗಳನ್ನು ತೆಗೆದಿಟ್ಟುಕೊಂಡು, ಹೊಸ ಡಂಪ್‌ನಿಂದಲೇ ಶುರುಮಾಡಬೇಕು.