ಮೂರೂವರೆ ಕಾಲಿನ ಆರ್ಕೆಲಾನ್ ಮಾಡಿದ್ದು ಹೀಗೆ

ಎಂದೋ ಅಳಿದುಹೋದ ದೈತ್ಯ ಕಡಲಾಮೆ ಆರ್ಕೆಲಾನ್ ಅಂದರೆ ಎಲ್ಲರೂ ಮೊದಲು ಗಾತ್ರದ ಮಾತೇ ಆಡುತ್ತಾರೆ. ವಿಯೆನ್ನಾದ ಮ್ಯೂಸಿಯಂನಲ್ಲಿರುವ ಅಸ್ಥಿಪಂಜರ ಸುಮಾರು 4.6 ಮೀಟರ್ ಉದ್ದ, ನಿಜ. ಆದರೆ ಮಾಡೆಲ್ ಮಾಡಲು ಕೂತವರಿಗೆ ಅದು ದೊಡ್ಡ ವಿಷಯವಲ್ಲ. 10ರಿಂದ ಭಾಗಿಸಿದರೆ ಆಯ್ತು. ತಲೆನೋವು ಇರುವುದು ಚಿಪ್ಪಿನಲ್ಲಿ. ಈ ಕಡಲಾಮೆಗೆ ಗಟ್ಟಿಯಾದ ಇಡೀ ಚಿಪ್ಪೇ ಇಲ್ಲ! ಬೆನ್ನ ಮೇಲೆ ಕೊಡೆಯ ಕಡ್ಡಿಗಳಂತೆ ಹರಡಿದ ಪಕ್ಕೆಲುಬುಗಳು, ನಡುವೆ ಖಾಲಿ ಜಾಗ, ಅದರ ಮೇಲೆ ಬಹುಶಃ ದಪ್ಪ ತೊಗಲು.

ಎರಡೂ ಕಾಣಬೇಕು ಅಂತ ಎಡಗಡೆ ತೊಗಲು ಹೊದಿಸಿ, ಬಲಗಡೆ ಬರೀ ಮೂಳೆ ಬಿಟ್ಟೆ. ಬಲಗಡೆಯೇ ಯಾಕೆ? ನಾನು ಆರಿಸಿಕೊಂಡದ್ದು ಅಮೆರಿಕದ ಯೇಲ್ ಪೀಬಾಡಿ ಮ್ಯೂಸಿಯಂನ ಆಮೆ. ಪಳೆಯುಳಿಕೆ ವಿಜ್ಞಾನಿ ಜಾರ್ಜ್ ವೈಲ್ಯಾಂಡ್ 1895ರಲ್ಲಿ ಸೌತ್ ಡಕೋಟಾದಲ್ಲಿ ಪತ್ತೆ ಮಾಡಿದ್ದು. ಈಗ ಅಲ್ಲಿ ಹುಲ್ಲುಗಾವಲು. 7 ಕೋಟಿ ವರ್ಷಕ್ಕೂ ಹಿಂದೆ ಸಮುದ್ರ. ಈ ಆಮೆಯ ಬಲ ಹಿಂಗಾಲಿನ ಕೆಳಭಾಗ ಇಲ್ಲ. ಎಳೆಯದಿದ್ದಾಗಲೇ ಯಾವುದೋ ಪ್ರಾಣಿ ಕಚ್ಚಿ ತುಂಡು ಮಾಡಿರಬೇಕು ಅಂತ ವೈಲ್ಯಾಂಡ್ ಊಹಿಸಿದ್ದರು. ಆಮೇಲೂ ಅದು ಬದುಕಿ ಇಷ್ಟು ದೊಡ್ಡದಾಯಿತು ಅಂದರೆ ನೋಡಿ! ಅಂಥ ಕಾಲನ್ನು ತೊಗಲಿನಡಿ ಮುಚ್ಚಿಡಲು ನನಗೆ ಮನಸ್ಸಾಗಲಿಲ್ಲ. ಪೂರ್ತಿ ಕಾಲು ಮಾಡಿದ್ದರೆ ಚೆನ್ನಾಗಿತ್ತು ಅಂದವರೂ ಇದ್ದಾರೆ. ಇರಲಿ.

ಅಳತೆಗೆ ವೈಲ್ಯಾಂಡ್ ಅವರ 1896ರ ಪ್ರಬಂಧ, ತಲೆಬುರುಡೆಗೆ 1900ರದ್ದು. ಹಳೆಯವಾದ್ದರಿಂದ ಎರಡೂ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಚಿತ್ರಗಳನ್ನು ಬೇಕಾದ ಅಳತೆಗೆ ಪ್ರಿಂಟ್ ತೆಗೆದು, ಜಿ.ಐ. ತಂತಿಯನ್ನು ಅದರ ಮೇಲೇ ಇಟ್ಟು ಬಗ್ಗಿಸಿದೆ. ಪಕ್ಕೆಲುಬಿಗೆ ತಂತಿಯ ಸುತ್ತ ಎಂ-ಸೀಲ್.

ಹೊಟ್ಟೆಯ ಕಡೆಯ ಮೂಳೆಗಳೇ ಜಾಸ್ತಿ ಸಮಯ ತಿಂದದ್ದು. ನಾಲ್ಕು ದೊಡ್ಡ ಫಲಕಗಳು, ಅಂಚಿಗೆಲ್ಲ ಬೆರಳಿನಂಥ ಚೂಪು ಮುಳ್ಳುಗಳು. ಎಂ-ಸೀಲ್ ಅನ್ನು ಪ್ಲಾಸ್ಟಿಕ್ ಹಾಳೆಗಳ ನಡುವೆ ತೆಳ್ಳಗೆ ಲಟ್ಟಿಸಿ, ಅರ್ಧ ಗಟ್ಟಿಯಾದಾಗ ಬ್ಲೇಡಿನಿಂದ ಕತ್ತರಿಸಬೇಕು. ಮೆತ್ತಗಿದ್ದರೆ ಮುಳ್ಳು ಎಳೆದುಕೊಂಡು ಬರುತ್ತದೆ, ಪೂರ್ತಿ ಗಟ್ಟಿಯಾದರೆ ಪಟ್ಟಂತ ಮುರಿಯುತ್ತದೆ. ಆಮೇಲೆ ಉಪ್ಪುಕಾಗದದಿಂದ ಉಜ್ಜಿ, ಮಧ್ಯದಲ್ಲಿ ತೂತು ಉಳಿಯುವಂತೆ ಜೋಡಿಸಬೇಕು. ಮಾಡೆಲ್ ಮೇಜಿನ ಮೇಲೆ ಇಟ್ಟರೆ ಇದು ಯಾರಿಗೂ ಕಾಣುವುದಿಲ್ಲ. ಅದಕ್ಕೇ ಕೆಳಗೆ ಅಕ್ರಿಲಿಕ್ ಕೋಲು ಕೊಟ್ಟು, ಈಜುತ್ತಾ ಒಂದು ಮಗ್ಗುಲಿಗೆ ವಾಲಿದಂತೆ ನಿಲ್ಲಿಸಿದೆ.

ಎಡಗಡೆಯ ತೊಗಲಿಗೆ ಹಳೆಯ ಪಂಚೆಯ ತುಂಡು. ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಪಕ್ಕೆಲುಬಿನ ಮೇಲೆ ಹಾಸಿದರೆ, ಒಣಗುವಾಗ ಬಟ್ಟೆ ತಾನಾಗೇ ಸಂದುಗಳಲ್ಲಿ ಸ್ವಲ್ಪ ಇಳಿಯುತ್ತದೆ. ಒಳಗೆ ಎಲುಬಿದೆ ಅಂತ ಗೊತ್ತಾಗುವಷ್ಟು. ಹೊಟ್ಟೆ ತುಂಬಿದ ಆಮೆ ತಾನೇ, ಅದಕ್ಕಿಂತ ಜಾಸ್ತಿ ಇಳಿಯಬಾರದು. ಇಲ್ಲಿ ನಮ್ಮ ಕರಾವಳಿಗೆ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲಿ ಆಮೆಯನ್ನು ನೋಡಿ ಮಾಡಿದರೆ ಕೆಟ್ಟಿತು. ಅದರದ್ದು ಬಿಲ್ಲೆ ಬಿಲ್ಲೆಯ ಗಟ್ಟಿ ಚಿಪ್ಪು. ನೋಡಬೇಕಾದ್ದು ಗಟ್ಟಿ ಚಿಪ್ಪಿನ ಬದಲು ಬೆನ್ನಿಗೆ ತೊಗಲಿರುವ ಲೆದರ್‌ಬ್ಯಾಕ್ ಆಮೆಯನ್ನು.

ಬಣ್ಣಕ್ಕೂ ಅದೇ ದಾರಿ. ಸುಮಾರು 5.5 ಕೋಟಿ ವರ್ಷ ಹಳೆಯ ಲೆದರ್‌ಬ್ಯಾಕ್ ಪಳೆಯುಳಿಕೆಯ ಚರ್ಮದಲ್ಲಿ ಕಪ್ಪು ವರ್ಣಕ ಇತ್ತು ಅಂತ 2014ರ ಅಧ್ಯಯನವೊಂದು ತೋರಿಸಿದೆ. ಆರ್ಕೆಲಾನ್‌ಗೆ ಅದು ಸಾಕ್ಷಿಯಲ್ಲ, ಆದರೆ ಸುಮ್ನೆ ಹಸಿರು ಬಳಿಯುವುದಕ್ಕಿಂತ ವಾಸಿ ಅಲ್ವಾ? ಬೆನ್ನಿಗೆ ಕಪ್ಪು ಮಿಶ್ರಿತ ಬೂದು, ಹೊಟ್ಟೆಗೆ ತಿಳಿ ಬಣ್ಣ. ಗಿಳಿಮೂತಿಯಂತೆ ಬಾಗಿದ ಕೊಕ್ಕಿಗೆ ಮಾತ್ರ ಹೊಳಪಿನ ವಾರ್ನಿಶ್, ಉಳಿದದ್ದಕ್ಕೆಲ್ಲ ಮ್ಯಾಟ್.