ಹಳೆಯ ಕಟ್ಟಡಕ್ಕೆ ಪಾರಂಪರಿಕ ರಕ್ಷಣೆ: ಊರಿನ ಅಭಿಪ್ರಾಯ ಕೇಳುವ ಬಗೆ

ಮಂಗಳೂರಿನಲ್ಲಿ ಯಾರನ್ನಾದರೂ ನಿಲ್ಲಿಸಿ ‘ಹಳೆಯ ಕಟ್ಟಡಗಳನ್ನು ಉಳಿಸಬೇಕೇ?’ ಎಂದು ಕೇಳಿದರೆ ಬೇಡವೆನ್ನುವವರು ಸಿಗುವುದು ಅಪರೂಪ. ನಾನು ಮೊದಲ ಸಲ ಇಂಥ ಅಭಿಪ್ರಾಯ ಸಂಗ್ರಹಕ್ಕೆ ಹೊರಟಾಗ ಆ ಒಂದೇ ಪ್ರಶ್ನೆ ಬರೆದ ಹಾಳೆಯನ್ನು ಹಿಡಿದು ಬೀದಿಯಿಡೀ ಸುತ್ತಿದ್ದೆ. ಸಂಜೆಯ ಹೊತ್ತಿಗೆ ಹಾಳೆಯ ತುಂಬ ‘ಹೌದು’ಗಳೇ ತುಂಬಿಕೊಂಡಿದ್ದವು. ಕೊನೆಯಲ್ಲಿ, ಸೌಜನ್ಯಕ್ಕೆಂಬಂತೆ, ಯಾವ ಹಳೆಯ ಮನೆಯನ್ನು ಉಳಿಸಲೆಂದು ಸುತ್ತಿದ್ದೆನೋ ಆ ಮನೆಯ ಯಜಮಾನರ ಬಳಿಗೆ ಹೋದೆ. ಅವರು ಹಾಳೆಯನ್ನು ಪೂರ್ತಿ ಓದಿ, ಮಾಡಿನತ್ತ ಕೈತೋರಿಸಿ, ‘ಸಹಿ ಹಾಕಿದವರಲ್ಲಿ ಮುಂದಿನ ಮಳೆಗಾಲದೊಳಗೆ ಮಾಡಿನ ಪಕ್ಕಾಸಿನ ಮರ ಬದಲಿಸಿಕೊಡುವವರು ಎಷ್ಟು ಮಂದಿ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಖರ್ಚನ್ನೂ ನಿರ್ಬಂಧವನ್ನೂ ಮುಂದಿಡದೆ ಕೇಳಿದ ಪ್ರಶ್ನೆಗೆ ಬರುವ ಉತ್ತರ ಅಭಿಪ್ರಾಯವಲ್ಲ, ಬರಿಯ ಸದ್ಭಾವನೆ. ತಮ್ಮ ವಾರ್ಡಿನ ಕಟ್ಟಡವೊಂದಕ್ಕೆ ರಕ್ಷಣೆ ಕೇಳಬೇಕೆಂದಿರುವ ನಿವಾಸಿಗಳ ಸಂಘಗಳಿಗೆ, ಕಾಲೇಜು ವಿದ್ಯಾರ್ಥಿಗಳಿಗೆ, ಅಥವಾ ಅಂಥ ರಕ್ಷಣೆ ಬೇಡವೆಂದು ವಾದಿಸಬೇಕೆಂದಿರುವವರಿಗೂ ಉಪಯೋಗವಾಗಲೆಂದು ಈ ಕ್ರಮವನ್ನು ಬರೆದಿಟ್ಟಿದ್ದೇನೆ.

ಯಾವ ರಕ್ಷಣೆ ಎಂಬುದು ಮೊದಲು ಸ್ಪಷ್ಟವಾಗಲಿ

ಜನರ ಬಳಿಗೆ ಹೋಗುವ ಮೊದಲು ನೀವು ಕೇಳುತ್ತಿರುವುದು ಯಾವ ರಕ್ಷಣೆಯನ್ನು ಎಂಬುದನ್ನು ನಿಶ್ಚಯಿಸಿಕೊಳ್ಳಿ. ‘ಹೆರಿಟೇಜ್ ಮಾಡುವುದು’ ಎಂಬ ಒಂದೇ ಮಾತಿನಲ್ಲಿ ಜನರು ಕಾನೂನಿನ ಬೇರೆ ಬೇರೆ ವ್ಯವಸ್ಥೆಗಳನ್ನು ಬೆರೆಸಿಬಿಡುತ್ತಾರೆ. ಸಭೆಗಳಲ್ಲಿ ಏಳುವ ಜಗಳಗಳಲ್ಲಿ ಬಹುಪಾಲು ಈ ಬೆರಕೆಯಿಂದಲೇ ಹುಟ್ಟುತ್ತವೆ.

ಮೊದಲನೆಯದು ಕೇಂದ್ರ ಸರಕಾರದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಡಿ ಸಿಗುವ ರಕ್ಷಣೆ. ಇದಕ್ಕೆ ಕಟ್ಟಡವು ಕನಿಷ್ಠ 100 ವರ್ಷ ಹಳೆಯದಾಗಿರಬೇಕು ಮತ್ತು ರಾಷ್ಟ್ರೀಯ ಮಹತ್ವವುಳ್ಳದ್ದಾಗಿರಬೇಕು. ಸರಕಾರವು ಅಧಿಸೂಚನೆ ಹೊರಡಿಸಿ ಎರಡು ತಿಂಗಳ ಅವಧಿ ಕೊಡುತ್ತದೆ, ಆ ಅವಧಿಯೊಳಗೆ ಹಿತಾಸಕ್ತಿಯುಳ್ಳ ಯಾರೇ ಆದರೂ ಆಕ್ಷೇಪ ಸಲ್ಲಿಸಬಹುದು. 2010ರ ತಿದ್ದುಪಡಿಯ ನಂತರ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶವಾಗುತ್ತದೆ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶವಾಗುತ್ತದೆ. ಆದ್ದರಿಂದ ‘ಪಕ್ಕದ ಮನೆಗೆ ರಕ್ಷಣೆ ಸಿಕ್ಕರೆ ನನ್ನ ಜಾಗದಲ್ಲಿ ಏನೂ ಕಟ್ಟಲಾಗದು’ ಎಂಬ ನೆರೆಯವರ ಭಯವು ಈ ಕಾಯಿದೆಯ ಮಟ್ಟಿಗೆ ಆಧಾರವಿಲ್ಲದ್ದಲ್ಲ. ಎರಡನೆಯದು ರಾಜ್ಯದ ಪುರಾತತ್ವ ಇಲಾಖೆಯು 1961ರ ರಾಜ್ಯ ಕಾಯಿದೆಯಡಿ ಕೊಡುವ ರಕ್ಷಣೆ.

ಮೂರನೆಯದೇ ನಗರದ ಸಾಮಾನ್ಯ ಹಳೆಯ ಮನೆ, ಅಂಗಡಿ, ಶಾಲೆಗಳಿಗೆ ಹೆಚ್ಚು ಹೊಂದುವಂಥದ್ದು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಲ್ಲಿ ಪಾರಂಪರಿಕ ಕಟ್ಟಡ, ಪಾರಂಪರಿಕ ಆವರಣ ಎಂಬ ಪರಿಕಲ್ಪನೆಗಳಿಗೆ ವ್ಯಾಖ್ಯಾನವಿದ್ದು, ವಾಸ್ತುಶೈಲಿಯ, ಸೌಂದರ್ಯದ, ಇತಿಹಾಸದ ಅಥವಾ ಸಂಸ್ಕೃತಿಯ ಮೌಲ್ಯವುಳ್ಳ ಕಟ್ಟಡವನ್ನು ಯೋಜನಾ ಪ್ರಾಧಿಕಾರ ಹಾಗೆಂದು ಘೋಷಿಸಲು ಅವಕಾಶವಿದೆ. ಇಲ್ಲಿ ವಯಸ್ಸಿಗಿಂತ ಮೌಲ್ಯಕ್ಕೆ ತೂಕ ಹೆಚ್ಚು. ಮಂಗಳೂರಿನ ಬಿಜೈಯಲ್ಲಿ ಹಡಗಿನ ಆಕಾರದಲ್ಲಿ ಕಟ್ಟಿದ ಮನೆಯೊಂದು ಕರ್ನಲ್ ಮಿರಾಜಕರ್ ಅವರ ದಾನವಾಗಿ ಬಂದು, 1960ರಲ್ಲಿ ಅವರ ತಾಯಿಯ ಹೆಸರಿನ ಶ್ರೀಮಂತಿಬಾಯಿ ಸ್ಮಾರಕ ವಸ್ತುಸಂಗ್ರಹಾಲಯವಾಯಿತು. ಪ್ರಾಚೀನವೆನ್ನಲಾಗದ ಅದನ್ನು ಊರಿನವರು ಎಷ್ಟು ತಮ್ಮದೆಂದುಕೊಂಡಿದ್ದಾರೆಂದು ನೋಡಿದರೆ, ವಯಸ್ಸೊಂದರಿಂದಲೇ ಅಳೆಯುವುದು ಏಕೆ ಸಾಲದೆಂದು ತಿಳಿಯುತ್ತದೆ.

ಮುಂಬಯಿಯು 1995ರಲ್ಲಿಯೇ ಪಾರಂಪರಿಕ ನಿಯಮಗಳನ್ನು ತಂದು ಕಟ್ಟಡಗಳನ್ನು ಶ್ರೇಣಿಗಳಾಗಿ ವಿಂಗಡಿಸಿತು. ಒಂದನೆಯ ಶ್ರೇಣಿಯ ಕಟ್ಟಡವನ್ನು ಮುಟ್ಟುವುದೇ ಕಷ್ಟ. ಮೂರನೆಯ ಶ್ರೇಣಿಯದರಲ್ಲಿ ಬೀದಿಯ ಚಹರೆ ಕೆಡದಂತೆ ಸಾಕಷ್ಟು ಬದಲಾವಣೆ ಮಾಡಿಕೊಳ್ಳಬಹುದು. ಜನರಿಗೆ ಈ ಉದಾಹರಣೆಯನ್ನು ಹೇಳುವುದರಿಂದ ರಕ್ಷಣೆಯೆಂದರೆ ಮೊಳೆ ಹೊಡೆಯಲೂ ಬಿಡದ ಬೀಗಮುದ್ರೆಯಲ್ಲ, ಅದರಲ್ಲಿ ಹಂತಗಳಿವೆ ಎಂಬುದು ಮನದಟ್ಟಾಗುತ್ತದೆ. ಮನೆಯನ್ನು ಸರಕಾರ ಕಿತ್ತುಕೊಳ್ಳುತ್ತದೆಂಬ ಅಂಜಿಕೆಗೂ ಉತ್ತರ ಸಿದ್ಧವಿರಲಿ: ಅತ್ಯಂತ ಬಿಗಿಯಾದ 1958ರ ಕಾಯಿದೆಯಲ್ಲಿ ಕೂಡ ರಕ್ಷಿತವೆಂದು ಘೋಷಿಸಿದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ.

ಕಟ್ಟಡದ ಒಂದು ಪುಟ

ಅಭಿಪ್ರಾಯ ಕೇಳುವವನ ಕೈಯಲ್ಲಿ ಕಟ್ಟಡದ ವಿವರವುಳ್ಳ ಒಂದು ಪುಟವಿರಬೇಕು. ವಾರ್ಡು, ಸರ್ವೆ ನಂಬರು, ಸದ್ಯದ ಉಪಯೋಗ, ಗೋಡೆ ಕೆಂಪುಕಲ್ಲಿನದೋ ಇಟ್ಟಿಗೆಯದೋ, ಗಾರೆ ಸುಣ್ಣದ್ದೋ ಸಿಮೆಂಟಿನದೋ, ಹಂಚಿನ ಮಾಡು ಮೂಲದ್ದೋ ನಂತರ ಹೊದಿಸಿದ್ದೋ, ಮರದ ಮುಚ್ಚಿಗೆ ಉಳಿದಿದೆಯೋ, ಚಾವಡಿಯನ್ನು ಯಾವಾಗಲಾದರೂ ಗೋಡೆಯೆಬ್ಬಿಸಿ ಕೋಣೆ ಮಾಡಿದ್ದಾರೋ ಎಂಬಿಷ್ಟು ಸಾಕು. ‘ಅಪೂರ್ವ’, ‘ಭವ್ಯ’ ಮುಂತಾದ ವಿಶೇಷಣಗಳು ಬೇಡ. ಓದುವ ಅಧಿಕಾರಿಗೆ ಅವುಗಳಿಂದ ಏನೂ ತಿಳಿಯುವುದಿಲ್ಲ.

ಕಾಲನಿರ್ಣಯದಲ್ಲಿ ನಮ್ಮೂರಿನ ಒಂದು ವಿಶೇಷ ತಪ್ಪಿನ ಬಗ್ಗೆ ಹೇಳಲೇಬೇಕು. ಹಂಚನ್ನು ತಿರುಗಿಸಿ ಅದರ ಮೇಲೆ ಅಚ್ಚೊತ್ತಿದ ಇಸವಿಯನ್ನು ಓದಿ ಮನೆಯ ವಯಸ್ಸನ್ನು ಹೇಳುವ ರೂಢಿ ಇದೆ. ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ ಇಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಆದರೆ 1865 ಎಂದು ಅಚ್ಚಿರುವ ಹಂಚು ಆ ವರ್ಷದ್ದೇ ಆಗಬೇಕೆಂದಿಲ್ಲ, ಅದು ಕಾರ್ಖಾನೆಯ ಹುಟ್ಟಿದ ವರ್ಷವನ್ನು ಸಾರುವ ಮುದ್ರೆಯಾಗಿರುತ್ತದೆ. ಮೇಲಾಗಿ ಒಂದು ಮನೆಯ ಹಂಚನ್ನು ಬಿಚ್ಚಿ ಇನ್ನೊಂದಕ್ಕೆ ಹೊದಿಸುವುದು ಇಲ್ಲಿ ಮಾಮೂಲು. ಹಂಚನ್ನು ನಂಬುವುದಕ್ಕಿಂತ ಪಾಲುಪಟ್ಟಿ, ಕ್ರಯಪತ್ರ, ಹಳೆಯ ತೆರಿಗೆ ರಶೀದಿಗಳನ್ನು ಕೇಳಿ ನೋಡಿ. 1956ರ ವರೆಗೆ ದಕ್ಷಿಣ ಕನ್ನಡವು ಮದರಾಸಿನ ಆಡಳಿತದಲ್ಲಿದ್ದುದರಿಂದ ಕಾಗದಗಳ ನಮೂನೆಯೂ ಭಾಷೆಯೂ ಈಗಿನವುಗಳಿಗಿಂತ ಬೇರೆಯಾಗಿರುತ್ತವೆ. ಓದಬಲ್ಲ ಹಿರಿಯ ವಕೀಲರೊಬ್ಬರ ಸಹಾಯ ಪಡೆಯುವುದು ಒಳ್ಳೆಯದು.

ಗುತ್ತಿನ ಮನೆ, ಅಂದರೆ ಊರಿನ ಹಿರಿಯ ಭೂಮಾಲೀಕ ಮನೆತನದ ಮನೆಯಾಗಿದ್ದರೆ ಒಳಗೆ ದೈವದ ಕೋಣೆ ಇರುತ್ತದೆ. ಅಲ್ಲಿ ಕ್ಯಾಮೆರಾ ತೆಗೆಯುವ ಮೊದಲು ಕುಟುಂಬದ ಹಿರಿಯರ ಒಪ್ಪಿಗೆ ಪಡೆಯಿರಿ, ಬೇಡವೆಂದರೆ ಬಿಟ್ಟುಬಿಡಿ.

ಯಾರನ್ನು ಕೇಳಬೇಕು

ಮೊದಲು ಒಡೆಯರನ್ನು, ಬೀದಿಯವರನ್ನು ಆಮೇಲೆ. ನಾನು ಮಾಡಿದ ಕ್ರಮ ಇದಕ್ಕೆ ತಿರುಗುಮುರುಗಾಗಿತ್ತು. ತನ್ನ ಮನೆಯ ಬಗ್ಗೆ ಊರಿಡೀ ಸಹಿಯಾದ ಮೇಲೆ ಕೊನೆಗೆ ತನ್ನನ್ನು ಕೇಳಲು ಬಂದವನಿಗೆ ಯಾರೂ ಮನಸ್ಸು ಬಿಚ್ಚಿ ಮಾತನಾಡುವುದಿಲ್ಲ.

ಒಡೆಯರೆಂದರೆ ಒಬ್ಬರೇ ಎಂದುಕೊಳ್ಳಬೇಡಿ. ತಾಯಿಯ ಕಡೆಯಿಂದ ಆಸ್ತಿ ಹರಿದುಬರುವ ಅಳಿಯಸಂತಾನದ ಕುಟುಂಬಗಳ ಹಳೆಯ ಮನೆಗಳಲ್ಲಿ ಪಾಲುದಾರರು ಮೂವತ್ತು, ನಲವತ್ತು ಮಂದಿಯೂ ಇರಬಹುದು. ಮನೆಯಲ್ಲಿ ವಾಸವಿರುವವರು ವೃದ್ಧರಿಬ್ಬರು, ಉಳಿದವರು ಮುಂಬಯಿಯಲ್ಲೋ ಗಲ್ಫ್‌ನಲ್ಲೋ ಇರುತ್ತಾರೆ. ದೂರದಲ್ಲಿರುವವರಿಗೆ ಆ ಮನೆ ಬಾಲ್ಯದ ನೆನಪಾಗಿರಬಹುದು, ಬರಬೇಕಾದ ಪಾಲೂ ಆಗಿರಬಹುದು. ಹೆಚ್ಚಿನ ವೇಳೆ ಒಬ್ಬನೇ ಮನುಷ್ಯನಲ್ಲಿ ಎರಡೂ ಇರುತ್ತವೆ. ಮನೆಯನ್ನು ನೋಡಿಕೊಳ್ಳುತ್ತಿರುವವರ ಮಾತನ್ನೂ ಪಾಲುದಾರರ ಮಾತನ್ನೂ ಬೇರೆ ಬೇರೆಯಾಗಿಯೇ ಬರೆದುಕೊಳ್ಳಿ. ಇವರಿಬ್ಬರ ನಡುವೆ ಭಿನ್ನಾಭಿಪ್ರಾಯವಿದ್ದರೆ ಅದನ್ನು ನೀವು ಬಗೆಹರಿಸಲು ಹೋಗಬಾರದು.

ಬಾಡಿಗೆದಾರರ ವಿಷಯ ಇನ್ನೂ ಸೂಕ್ಷ್ಮವಾದದ್ದು. ಬಂದರು ಪ್ರದೇಶದ, ರಥಬೀದಿಯ ಹಳೆಯ ಅಂಗಡಿಗಳಲ್ಲಿ ತಲೆಮಾರುಗಳಿಂದ ವ್ಯಾಪಾರ ಮಾಡುತ್ತಿರುವವರು ರಕ್ಷಣೆಗೆ ಉತ್ಸಾಹದಿಂದ ಸಹಿ ಹಾಕುತ್ತಾರೆ. ಕಟ್ಟಡ ಉಳಿದರೆ ಅಂಗಡಿಯೂ ಉಳಿಯುತ್ತದೆ ಎಂಬ ಲೆಕ್ಕ ಅದರಲ್ಲಿದ್ದರೆ ತಪ್ಪೇನಿಲ್ಲ. ಬೀದಿಯ ಜೀವವಿರುವುದೇ ಆ ವ್ಯಾಪಾರದಲ್ಲಿ. ಆದರೆ ಆ ಸಹಿಯನ್ನು ವಾಸ್ತುಶಿಲ್ಪದ ಮೆಚ್ಚುಗೆಯೆಂದು ವರದಿಯಲ್ಲಿ ತೋರಿಸಿದರೆ ಒಡೆಯರ ವಕೀಲರು ಮೊದಲ ವಿಚಾರಣೆಯಲ್ಲಿಯೇ ಅದನ್ನು ಬಿಡಿಸಿಡುತ್ತಾರೆ.

ಸಂಸ್ಥೆಗಳ ಕಟ್ಟಡಗಳ ದಾರಿ ಬೇರೆ. ರಕ್ಷಣೆಯ ಪರವಾಗಿ ಮಾತನಾಡುವವರು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲನ್ನು ಉದಾಹರಣೆಯಾಗಿ ಎತ್ತದೆ ಇರುವುದಿಲ್ಲ. ಇಟಲಿಯ ಚಿತ್ರಕಾರ ಅಂತೋನಿಯೊ ಮೊಸ್ಕೇನಿ 1899ರಿಂದ 1901ರ ವರೆಗೆ ಅದರ ಗೋಡೆ ಛಾವಣಿಗಳಿಗೆ ಬರೆದ ಚಿತ್ರಗಳು ಈಗಲೂ ನೋಡಸಿಗುವುದು, ಅದರ ಹಿಂದೆ ಹಣವನ್ನೂ ತಜ್ಞರನ್ನೂ ಹೊಂದಿಸಬಲ್ಲ ಸಂಸ್ಥೆಯೊಂದು ನಿಂತಿರುವುದರಿಂದ. ನಗರದ ಫಳ್ನೀರಿನಲ್ಲಿ ನಿವೃತ್ತಿ ವೇತನದಿಂದ ಮನೆ ನಡೆಸುವವರ ಮುಂದೆ ಆ ಉದಾಹರಣೆಯನ್ನಿಟ್ಟರೆ ಅವರಿಗೆ ಸಿಟ್ಟು ಬರುವುದು ಸಹಜ. ಉಡುಪಿಯ ರಥಬೀದಿಯಲ್ಲಿ ಕೇಳುವುದಾದರೆ ಮಠಗಳ ಆಡಳಿತದವರೊಂದಿಗೆ ಮೊದಲೇ ಮಾತನಾಡಿ. ಕೃಷ್ಣಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಕೈಬದಲಾಗುವ ಪರ್ಯಾಯದ ದಿನಗಳಲ್ಲಿ ಅಲ್ಲಿ ಅಭಿಪ್ರಾಯ ಸಂಗ್ರಹಿಸಬೇಡಿ, ಆಗ ಸಿಗುವುದು ಯಾತ್ರಿಕರ ಅಭಿಪ್ರಾಯ.

ಭಾಷೆಯ ಬಗೆಗೂ ಒಂದು ಮಾತು. ‘ಪಾರಂಪರಿಕ ಕಟ್ಟಡ’ ಎಂದರೆ ಅನೇಕರಿಗೆ ದೇವಸ್ಥಾನ, ಕೋಟೆಗಳೇ ಕಣ್ಣ ಮುಂದೆ ಬರುತ್ತವೆ. ತುಳುವಿನಲ್ಲಿ ‘ಪರತ್ ಇಲ್ಲ್’ ಎಂದೋ, ಕೊಂಕಣಿಯಲ್ಲಿ ‘ಪರ್ನೆಂ ಘರ್’ ಎಂದೋ ಮಾತು ಶುರುಮಾಡಿದರೆ ಕೂಡಲೇ ನಿರ್ದಿಷ್ಟ ಮನೆಯೊಂದರ ಕಥೆ ಹೊರಬರುತ್ತದೆ. ಬಂದರಿನಲ್ಲಿ ಬ್ಯಾರಿ ಮಾತನಾಡುವ ಗೆಳೆಯರೊಬ್ಬರು ಜೊತೆಗಿದ್ದರೆ ಒಳ್ಳೆಯದು.

ಪ್ರಶ್ನೆಗಳು

ಪ್ರಶ್ನಾವಳಿ ಒಂದು ಪುಟ ಮೀರಬಾರದು. ಉಳಿಸಬೇಕೇ ಬೇಡವೇ ಎಂಬ ಪ್ರಶ್ನೆ ಅದರಲ್ಲಿರಲಿ, ಆದರೆ ಕೊನೆಯಲ್ಲಿರಲಿ. ಅದಕ್ಕಿಂತ ಮೊದಲು ಬರಬೇಕಾದವು ಹೀಗಿವೆ: ಈ ಕಟ್ಟಡದ ಯಾವ ಭಾಗ ಹೋದರೆ ನಿಮಗೆ ನಷ್ಟವೆನಿಸುತ್ತದೆ, ಬೀದಿಗೆ ಕಾಣುವ ಮುಖವೋ, ಅಂಗಳವೋ, ಒಳಗಿನ ಮರಗೆಲಸವೋ? ಮುಖವನ್ನು ಉಳಿಸಿಕೊಂಡು ಹಿಂದೆ ಹೊಸದಾಗಿ ಕಟ್ಟಿದರೆ ಒಪ್ಪುತ್ತೀರಾ? ದುರಸ್ತಿಯ ಖರ್ಚು ಯಾರದ್ದಾಗಬೇಕು: ಒಡೆಯರದ್ದೇ, ಪಾಲಿಕೆಯದ್ದೇ, ಇಬ್ಬರದ್ದೂ ಆಗಬೇಕೇ? ಇದಕ್ಕಾಗಿ ಆಸ್ತಿ ತೆರಿಗೆಯಲ್ಲಿ ಒಡೆಯರಿಗೆ ರಿಯಾಯಿತಿ ಕೊಟ್ಟರೆ ನಿಮ್ಮ ಆಕ್ಷೇಪವಿದೆಯೇ? ನಿಮ್ಮ ಸ್ವಂತ ಮನೆಗೆ ಇದೇ ನಿಯಮ ಬಂದರೆ?

ಸ್ವಂತ ಮನೆಯ ಬಗೆಗಿನ ಈ ಪ್ರಶ್ನೆಯೇ ನಿಜವಾದ ಒರೆಗಲ್ಲು. ಅದನ್ನು ಕೇಳಿದಾಗ ಜನರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ, ಆಮೇಲೆ ಆಡುವ ಮಾತುಗಳನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಹಂಚಿನ ಮನೆಯೆಂದರೆ ಏಪ್ರಿಲ್-ಮೇ ತಿಂಗಳಲ್ಲಿ ಮಾಡಿಗೆ ಹತ್ತಿ ಒಡೆದ ಹಂಚು ಬದಲಿಸುವುದು, ಮಾಡಿನ ಮರದ ರೀಪು ಪಕ್ಕಾಸುಗಳಲ್ಲಿ ಒರಲೆ ಹುಡುಕುವುದು; ಆ ಕೆಲಸ ಬಲ್ಲ ಆಚಾರಿಗಳು ಕಡಿಮೆಯಾಗುತ್ತಿದ್ದಾರೆ. ಈ ಕಷ್ಟವನ್ನು ಬಲ್ಲವರು ರಕ್ಷಣೆ ಬೇಡವೆಂದರೆ ಅವರಿಗೆ ಸಂಸ್ಕೃತಿಯ ಅಭಿಮಾನವಿಲ್ಲವೆಂದು ಷರಾ ಬರೆಯುವುದು ಅನ್ಯಾಯ. ‘ಷರತ್ತಿನ ಮೇಲೆ ಒಪ್ಪಿಗೆ’ ಎಂಬ ಕಲಮೊಂದನ್ನು ಇಡಿ. ನನ್ನ ಅನುಭವದಲ್ಲಿ, ಸರಿಯಾಗಿ ಕೇಳಿದಾಗ, ಅತಿ ಹೆಚ್ಚು ತುಂಬುವ ಕಲಮು ಅದೇ.

ವರದಿ ಮತ್ತು ಸಲ್ಲಿಕೆ

ಒಡೆಯರು, ವಾಸವಿರುವವರು, ಬಾಡಿಗೆದಾರರು, ನೆರೆಯವರು, ಉಳಿದ ನಾಗರಿಕರು ಎಂದು ಪ್ರತ್ಯೇಕ ಪಟ್ಟಿಗಳಾಗಿಯೇ ಉತ್ತರಗಳನ್ನು ಕೊಡಿ. ಎಲ್ಲವನ್ನೂ ಕೂಡಿಸಿ ‘ಇಷ್ಟು ಮಂದಿ ಪರ’ ಎಂದು ಬರೆದರೆ ದಾರಿಹೋಕರ ನೂರು ಸಹಿಗಳು ಒಡೆಯರ ಒಂದು ಆಕ್ಷೇಪವನ್ನು ಮುಳುಗಿಸಿಬಿಡುತ್ತವೆ. ವಿರೋಧವಾಗಿ ಬಂದ ಅತ್ಯಂತ ಗಟ್ಟಿಯಾದ ವಾದವನ್ನು ಸಂಕ್ಷೇಪಿಸದೆ ಪೂರ್ತಿಯಾಗಿ ಸೇರಿಸಿ. ಜನರ ಹೆಸರು, ಫೋನ್ ನಂಬರುಗಳಿರುವ ಹಾಳೆಗಳನ್ನು ವಾಟ್ಸಾಪ್ ಗುಂಪುಗಳಲ್ಲಿ ಹರಿಯಬಿಡಬೇಡಿ.

ನಗರದ ಮಾಸ್ಟರ್ ಪ್ಲಾನ್ ಕರಡು ಪ್ರಕಟವಾದಾಗ ಪ್ರಾಧಿಕಾರವು ಸಲಹೆ, ಆಕ್ಷೇಪಗಳನ್ನು ಆಹ್ವಾನಿಸುತ್ತದೆ. ಪ್ರಕಟಣೆಯಲ್ಲಿ ನಮೂದಿಸಿದ ಅವಧಿ ಮೀರದಂತೆ ಸಲ್ಲಿಸಿದ ಮನವಿಗೆ ಬೆಲೆ ಹೆಚ್ಚು. ಕರಡು ಇಲ್ಲದ ಕಾಲದಲ್ಲಿಯೂ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಮನವಿ ಕೊಟ್ಟು, ಪ್ರತಿಯನ್ನು ಮಹಾನಗರ ಪಾಲಿಕೆಗೂ ರಾಜ್ಯದ ಪುರಾತತ್ವ ಇಲಾಖೆಗೂ ಕಳುಹಿಸಬಹುದು. ಸಲ್ಲಿಸುವ ಮೊದಲು ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಮಂಗಳೂರು ವಿಭಾಗದವರಿಗೆ ಒಮ್ಮೆ ತೋರಿಸಿದರೆ ಕಟ್ಟಡದ ವಿವರದಲ್ಲಿನ ತಪ್ಪುಗಳು ಸಿಕ್ಕಿಬೀಳುತ್ತವೆ. ಮನವಿ ಕನ್ನಡದಲ್ಲಿರಲಿ, ಎರಡು ಪುಟದಲ್ಲಿ ಮುಗಿಯಲಿ, ಉಳಿದದ್ದು ಅಡಕವಾಗಿರಲಿ. ಸೀಲು, ದಿನಾಂಕ, ಸಂಖ್ಯೆಗಳಿರುವ ಸ್ವೀಕೃತಿಯನ್ನು ಪಡೆಯದೆ ಕಚೇರಿಯಿಂದ ಹೊರಬರಬೇಡಿ. ಮುಂದೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಡತ ಎಲ್ಲಿಗೆ ಬಂದಿದೆಯೆಂದು ಕೇಳುವಾಗ ಆ ಸಂಖ್ಯೆಯೇ ಆಧಾರ. ಆ ಅರ್ಜಿಗೆ 30 ದಿನಗಳಲ್ಲಿ ಉತ್ತರ ಬರಬೇಕು.

ಸಲ್ಲಿಸಿದ ವರದಿಯ ಒಂದು ಪ್ರತಿಯನ್ನು ಒಡೆಯರಿಗೂ ಕೊಡಿ, ಅವರು ವಿರೋಧಿಸಿದ್ದರೂ ಕೊಡಿ. ನಿರ್ಧಾರವಾಗುವುದರೊಳಗೆ ಒಂದೆರಡು ಮಳೆಗಾಲಗಳು ಕಳೆದುಹೋಗುವ ಸಾಧ್ಯತೆಯೇ ಹೆಚ್ಚಾದ್ದರಿಂದ, ಪ್ರತಿ ವರ್ಷ ಮೇ ಕೊನೆಯಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಒಪ್ಪಿಗೆ ಪಡೆದು ಕಟ್ಟಡದ ಚಿತ್ರ ತೆಗೆದು, ದಿನಾಂಕ ಬರೆದು ಅದೇ ಕಡತಕ್ಕೆ ಸೇರಿಸುತ್ತಾ ಹೋಗಿ.