ಯೀಸ್ಟ್ ಪೊಟ್ಟಣದಿಂದ ಕೆಗ್ ನಲ್ಲಿಯವರೆಗೆ: ನಾನು ಬಿಯರ್ ಮಾಡುವ ಬಗೆ

ಹೊಸದಾಗಿ ಬಿಯರ್ ಮಾಡಲು ಹೊರಟವರು ಮೊದಲು ಕೇಳುವುದು ‘ಯಾವ ಯೀಸ್ಟ್ ತರಲಿ?’ ಅಂತ. ನಾನು ತಿರುಗಿ ಕೇಳುತ್ತೇನೆ: ಫರ್ಮೆಂಟರ್ (ಬಿಯರ್ ಹುದುಗುವ ಪಾತ್ರೆ) ಇಡುವ ಜಾಗದಲ್ಲಿ ಉಷ್ಣಾಂಶ ಎಷ್ಟಿರುತ್ತದೆ, ಅದನ್ನು ವಾರಗಟ್ಟಲೆ ಏರುಪೇರಿಲ್ಲದೆ ಕಾಯ್ದುಕೊಳ್ಳಲು ಆಗುತ್ತದೆಯೇ? ಯಾವ ಬಿಯರ್ ಇಷ್ಟ ಎಂಬುದು ಆಮೇಲಿನ ಮಾತು. ಲಾಗರ್ ಅಂದರೆ ತಂಪಿನಲ್ಲಿ ಹುದುಗುವ ಬಿಯರ್; ಅದರ ಯೀಸ್ಟ್‌ಗೆ ಸುಮಾರು 9ರಿಂದ 13 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ತಂಪು ಇಲ್ಲದ ಕಡೆ ಎಷ್ಟೇ ಒಳ್ಳೆಯ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಹಾಕಿದರೂ ಲಾಗರ್‌ನ ಆ ಶುಭ್ರ ರುಚಿ ಬರುವುದಿಲ್ಲ. ತುಸು ಬೆಚ್ಚಗೆ ಹುದುಗುವ ಏಲ್ ಬಿಯರ್‌ನ ಯೀಸ್ಟ್‌ಗಳಲ್ಲಿ ಹೆಚ್ಚಿನವು 18ರಿಂದ 22ರಲ್ಲಿ ನೆಮ್ಮದಿಯಾಗಿ ಕೆಲಸ ಮಾಡುತ್ತವೆ. ಸೆಕೆಯಲ್ಲೇ ಮಾಡಬೇಕೆಂದರೆ ನಾರ್ವೆಯ ಹಳ್ಳಿಮನೆಗಳಲ್ಲಿ ಉಳಿದುಬಂದ ಕ್ವೈಕ್ ಎಂಬ ಯೀಸ್ಟ್ ಇದೆ; 30 ದಾಟಿದರೂ ಅದು ಕೆಟ್ಟ ವಾಸನೆ ಬಿಡುವುದಿಲ್ಲ.

ಹೀಗೆ ಆರಿಸಿಕೊಳ್ಳುವ ಭಾಗ್ಯ ಹಳಬರಿಗೆ ಇರಲಿಲ್ಲ. 1516ರ ಬವೇರಿಯಾದ ಬಿಯರ್ ಕಟ್ಟಳೆಯಲ್ಲಿ ಬಾರ್ಲಿ, ಹಾಪ್ಸ್ (ಕಹಿ ಮತ್ತು ಪರಿಮಳ ಕೊಡುವ ಹೂ), ನೀರು ಮಾತ್ರ ಇವೆ, ಯೀಸ್ಟ್‌ನ ಹೆಸರೇ ಇಲ್ಲ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದರು. ಇವತ್ತು ಪೊಟ್ಟಣದ ಮೇಲೆ ನಂಬಿಕೆಯಿಂದ ಉಷ್ಣಾಂಶ ಓದುತ್ತೇವೆಂದರೆ ಅದರ ಬೇರು ಅಲ್ಲಿದೆ.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಯುಎಸ್-05ರಂಥ ಒಣ ಏಲ್ ಯೀಸ್ಟ್. 20 ಲೀಟರ್‌ನಷ್ಟು ಸಾಧಾರಣ ಗಾಢತೆಯ ವರ್ಟ್‌ಗೆ (ಹುದುಗುವ ಮೊದಲಿನ ಸಿಹಿ ಮಾಲ್ಟ್ ರಸ) 11.5 ಗ್ರಾಂನ ಒಂದು ಪೊಟ್ಟಣ ಸಾಕು. ತನ್ನದೇ ರುಚಿಯನ್ನು ಮುಂದೆ ಮಾಡದ ಯೀಸ್ಟ್ ಅದು, ಹಾಗಾಗಿ ಮಾಲ್ಟ್ ಮತ್ತು ಹಾಪ್ಸ್ ಏನು ಮಾಡಿದವು ಎಂದು ನಾಲಿಗೆಗೆ ತಿಳಿಯುತ್ತದೆ. ಗೋಧಿ ಬಿಯರ್ ಯೀಸ್ಟ್‌ನ ಸ್ವಭಾವ ಬೇರೆ: ಸಾಮಾನ್ಯವಾಗಿ ಬೆಚ್ಚಗಾದಷ್ಟೂ ಬಾಳೆಹಣ್ಣಿನ ಪರಿಮಳ ಮುಂದಾಗುತ್ತದೆ, ತಂಪಿನಲ್ಲಿ ಲವಂಗದ್ದು ಎದ್ದು ಕಾಣುತ್ತದೆ. ಎರಡು ಡಿಗ್ರಿ ಆಚೀಚೆಯಾದರೆ ಬಿಯರ್‌ನ ಗುಣವೇ ಬದಲು. ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿಸಿದ್ದು ಈ ಸೂಕ್ಷ್ಮವೇ.

ಕೋಣೆಯ ಉಷ್ಣಾಂಶ ನೋಡಿ ಸಮಾಧಾನಪಡಬಾರದು. ಹುದುಗು ಏರುವಾಗ ಯೀಸ್ಟ್ ತಾನೇ ಶಾಖ ಹುಟ್ಟಿಸುತ್ತದೆ. ಒಳಗಿನ ವರ್ಟ್ ಹೊರಗಿನ ಗಾಳಿಗಿಂತ 3ರಿಂದ 5 ಡಿಗ್ರಿ ಬಿಸಿಯಾಗಿರಬಹುದು. ಥರ್ಮಾಮೀಟರಿನ ತುದಿಯನ್ನು ಫರ್ಮೆಂಟರ್ ಪಕ್ಕಕ್ಕೆ ಒತ್ತಿ, ಮೇಲೆ ಬಟ್ಟೆ ಮಡಚಿಟ್ಟು ಟೇಪ್ ಸುತ್ತುತ್ತೇನೆ. ಆಗ ಗಾಳಿಯದಲ್ಲ, ವರ್ಟ್‌ನದೇ ಅಳತೆ ಸಿಗುತ್ತದೆ. ಮೊದಲ ಮೂರು ದಿನ 18ರ ಹತ್ತಿರ ಹಿಡಿದಿಟ್ಟು, ನೊರೆಯ ಕೆನೆ ಇಳಿಯತೊಡಗಿದಾಗ ನಿಧಾನಕ್ಕೆ 20–21ಕ್ಕೆ ಬಿಡುತ್ತೇನೆ. ಶುರುವಿನಲ್ಲೇ ಕಾವು ಏರಿದರೆ ಗಂಟಲು ಸುಡುವ ಘಾಟು ಕೂರುತ್ತದೆ, ಆಮೇಲೆ ಎಷ್ಟು ಕಾದರೂ ಅದು ಪೂರ್ತಿ ಹೋಗುವುದಿಲ್ಲ. ಕೊನೆಯಲ್ಲಿ ತುಸು ಬೆಚ್ಚಗಾದರೆ ಒಳ್ಳೆಯದೇ, ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲನ್ನು ಯೀಸ್ಟ್ ಮತ್ತೆ ತಾನೇ ಹೀರಿಕೊಳ್ಳುತ್ತದೆ.

ಅದು ಹೋಗಿದೆಯೇ ಎಂದು ನೋಡುವ ಉಪಾಯ ಸುಲಭ. ಎರಡು ಲೋಟದಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ತೆಗೆದು ಮುಚ್ಚಿ, ಒಂದನ್ನು ಬಿಸಿನೀರಿನ ಪಾತ್ರೆಯಲ್ಲಿ 60 ಡಿಗ್ರಿಯ ಆಸುಪಾಸು ಅರ್ಧ ಗಂಟೆ ಇಡಿ. ತಣಿಸಿ ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಮೂಗಿಗೆ ಬಡಿದರೆ ಇನ್ನೂ ಎರಡು ಮೂರು ದಿನ ಬಿಡಬೇಕು.

ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಎರಡು ಮೂರು ದಿನ ಒಂದೇ ಅಂಕಿ ತೋರಿಸಿದರೆ ಹುದುಗುವಿಕೆ ಮುಗಿಯಿತು. ಫರ್ಮೆಂಟರಿನ ಗ್ಯಾಸ್ ಹೊರಬಿಡುವ ಏರ್‌ಲಾಕ್‌ನ ಗುಳ್ಳೆ ನಂಬಬೇಡಿ. ಹೈಡ್ರೋಮೀಟರಿನ ಅಂಕಿ 1.050ರಿಂದ 1.010ಕ್ಕೆ ಇಳಿದಿದ್ದರೆ ವ್ಯತ್ಯಾಸವನ್ನು 131.25ರಿಂದ ಗುಣಿಸಿ, ಮದ್ಯಾಂಶ ಶೇ. 5.25ರಷ್ಟು.

ಕೆಗ್ (ಬಿಯರನ್ನು ಒತ್ತಡದಲ್ಲಿ ಇಡುವ ಲೋಹದ ಪೀಪಾಯಿ) ತುಂಬಿಸುವ ಮುಂಚೆ ಒಳಗಿನ ಗಾಳಿಯನ್ನು ಕಾರ್ಬನ್ ಡೈಆಕ್ಸೈಡ್‌ನಿಂದ ಓಡಿಸುತ್ತೇನೆ. ಆಮ್ಲಜನಕ ಸೇರಿದರೆ ಹಾಪ್ಸ್ ಪರಿಮಳ ಬೇಗ ಮಂಕಾಗಿ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಆಮೇಲೆ 4 ಡಿಗ್ರಿ ತಂಪು, ಕಾರ್ಬನ್ ಡೈಆಕ್ಸೈಡ್‌ನ 12 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ, ಒಂದು ವಾರಕ್ಕೂ ಮೇಲ್ಪಟ್ಟು ತಾಳ್ಮೆ. ಕೆಗ್ ಅಲುಗಾಡಿಸಿ ಒಂದೇ ದಿನದಲ್ಲಿ ಗ್ಯಾಸ್ ಹಿಡಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ಎಷ್ಟು ಕರಗಿತು ಎಂಬ ಲೆಕ್ಕವೇ ತಪ್ಪಿಹೋಗುತ್ತದೆ.

ನಲ್ಲಿ ತೆರೆದಾಗ ಲೋಟದ ತುಂಬ ನೊರೆ ಬಂದರೆ ಎಲ್ಲರ ಕೈಯೂ ಮೊದಲು ಗ್ಯಾಸ್ ಒತ್ತಡ ಹೊಂದಿಸುವ ರೆಗ್ಯುಲೇಟರಿಗೆ ಹೋಗುತ್ತದೆ. ದಯವಿಟ್ಟು ಬೇಡ. ಒತ್ತಡ ಇಳಿಸಿದರೆ ಬಿಯರ್‌ನಲ್ಲಿ ಕರಗಿದ ಗ್ಯಾಸ್ ಹೊರಬರಲು ದಾರಿ ಹುಡುಕುತ್ತದೆ, ಪೈಪಿನೊಳಗೇ ಗುಳ್ಳೆ ಕಟ್ಟುತ್ತದೆ. ಕೆಲವೇ ದಿನಕ್ಕೆ ಬಿಯರ್ ಸಪ್ಪೆ, ನೊರೆ ಮಾತ್ರ ಹಾಗೆಯೇ.

ನಾನು ಮಾಡುವುದಿಷ್ಟು: ಬೆನ್ನುಬೆನ್ನಿಗೆ ಎರಡು ಲೋಟ ಸುರಿದು ನೋಡುತ್ತೇನೆ. ಮೊದಲನೆಯದು ನೊರೆ, ಎರಡನೆಯದು ಸರಿ ಅಂದರೆ ಕೆಗ್‌ನಲ್ಲಿ ದೋಷವಿಲ್ಲ, ನಲ್ಲಿ ಮತ್ತು ಮೇಲಿನ ಪೈಪು ಬೆಚ್ಚಗಾಗಿವೆ. ಫ್ರಿಜ್‌ನಲ್ಲಿ ತಣ್ಣನೆ ಗಾಳಿ ಕೆಳಗೇ ಕೂರುತ್ತದೆ. ಅದನ್ನು ಮೇಲಕ್ಕೆ ತಳ್ಳುವ ಸಣ್ಣ ಫ್ಯಾನ್ ಇಟ್ಟರೆ ಮುಗಿಯಿತು. ಎರಡೂ ಲೋಟ ಒಂದೇ ರೀತಿ ನೊರೆಯಾದರೆ ಒಂದೋ ಗ್ಯಾಸ್ ಹೆಚ್ಚಾಗಿ ಕರಗಿದೆ, ಇಲ್ಲವೇ ಪೈಪು ಗಿಡ್ಡ. ಒಳವ್ಯಾಸ ಸುಮಾರು 5 ಮಿ.ಮೀ. ಇರುವ ಪೈಪಾದರೆ ನಾನು 3 ಮೀಟರ್ ಹಾಕುತ್ತೇನೆ. ಉದ್ದ ಪೈಪಿನ ತಡೆಗೆ ಬಿಯರ್ ವೇಗ ಕಳೆದುಕೊಂಡು ಮೆತ್ತಗೆ ಇಳಿಯುತ್ತದೆ. ಹರಿವು ತೀರ ನಿಧಾನ ಅನ್ನಿಸಿದರೆ ಒಂದೊಂದು ಗೇಣು ಕತ್ತರಿಸುತ್ತಾ ಬರಬಹುದು. ನಲ್ಲಿಯನ್ನು ಅರ್ಧ ತೆರೆಯುವುದಂತೂ ಬೇಡವೇ ಬೇಡ, ಆ ಕಿರಿದಾದ ಸಂದಿಯಲ್ಲೇ ಬಿಯರ್ ಒಡೆದು ನೊರೆಯಾಗುತ್ತದೆ.

ಇವೆಲ್ಲ ಸರಿಯಿದ್ದೂ ನೊರೆ ನಿಲ್ಲದ ಕೆಗ್ ಒಂದು ನನ್ನಲ್ಲಿತ್ತು. ಟಾರ್ಚ್ ಹಿಡಿದು ಪಾರದರ್ಶಕ ಪೈಪನ್ನು ಬುಡದಿಂದ ನೋಡಿದೆ. ಬಿಯರ್ ಹೊರಬರುವ ಕನೆಕ್ಟರಿನಲ್ಲೇ ಸೂಜಿಮೊನೆಯಂಥ ಗುಳ್ಳೆಗಳ ಸಾಲು, ನಲ್ಲಿ ತೆರೆದಷ್ಟು ಹೊತ್ತೂ ಎಡೆಬಿಡದೆ. ಗ್ಯಾಸ್ ತೆಗೆದು, ಒತ್ತಡ ಪೂರ್ತಿ ಬಿಟ್ಟು, ಪೋಸ್ಟ್ (ಕನೆಕ್ಟರ್ ಕೂರುವ ಕೆಗ್‌ನ ಮೂತಿ) ಬಿಚ್ಚಿದರೆ, ಕೆಗ್ ತಳದಿಂದ ಬಿಯರ್ ಮೇಲೆ ತರುವ ಉದ್ದ ಕೊಳವೆಯ ಕತ್ತಿನಲ್ಲಿರುವ ಓ-ರಿಂಗ್ (ರಬ್ಬರ್ ಬಳೆ) ಒಂದು ಕಡೆ ಸೀಳಿತ್ತು. ಕೆಗ್‌ನ ಮೇಲ್ಭಾಗದ ಗ್ಯಾಸ್ ಆ ಸೀಳಿನಿಂದ ನೇರವಾಗಿ ಬಿಯರ್‌ಗೆ ನುಸುಳುತ್ತಿತ್ತು. ಸೋರಿಕೆಯೆಲ್ಲ ಒಳಗೇ ನಡೆಯುವುದರಿಂದ ಹೊರಗೆ ಸೋಪಿನ ನೀರು ಹಚ್ಚಿ ನೋಡಿದರೆ ಇದು ಸಿಗುವುದಿಲ್ಲ. ಹೊಸ ರಿಂಗಿಗೆ ಆಹಾರಕ್ಕೆ ಬಳಸಬಹುದಾದ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ ಕೂರಿಸಿದೆ, ನೊರೆ ಎರಡು ಬೆರಳಿಗೆ ಇಳಿಯಿತು. ಹಳೆಯ ಕೆಗ್ ಕೊಂಡರೆ ತುಂಬಿಸುವ ಮೊದಲೇ ಎಲ್ಲ ರಿಂಗುಗಳನ್ನೂ ಬದಲಿಸಿಬಿಡಿ. ಹಾಗೆಯೇ ಪ್ರತಿ ಕೆಗ್ ಖಾಲಿಯಾದಾಗ ಪೈಪಿಗೆ ಕ್ಷಾರದ ಕ್ಲೀನರ್ ಹಾಯಿಸಿ, ನೀರಿನಲ್ಲಿ ಚೆನ್ನಾಗಿ ಜಾಲಾಡಿ, ನಲ್ಲಿಯನ್ನು ಬಿಚ್ಚಿ ಬ್ರಷ್‌ನಿಂದ ಉಜ್ಜಿ.